ಭೀಮಾ ಮಾಮಿಯ ಕೂಡು

ಭೀಮಾಬಾಯಿಯವರ ಕನ್ನಡವನ್ನು ಮೊದಲ ಸಲ ಕೇಳಿದ ದಿನ ನನಗೆ ಮೈಯೆಲ್ಲ ಉರಿದುಹೋಗಿತ್ತು. "ಕೊಂಜ ನಿಲ್ಲು ಕಣ್ಣಾ, ಚುಮ್ಮಾ ಓಡಬೇಡ, ಎರುಂಬು ಕಚ್ಚತ್ತೆ" ಎಂದು ಅವರು ಒಂದು ಮಗುವಿಗೆ ಹೇಳುತ್ತಿದ್ದರು. ಸ್ವಲ್ಪ ನಿಲ್ಲು ಕಂದಾ, ಸುಮ್ಮನೆ ಓಡಬೇಡ, ಇರುವೆ ಕಚ್ಚುತ್ತದೆ ಎಂದು ಅದರರ್ಥ. ಇಷ್ಟು ಸಣ್ಣ ಮಾತಿನಲ್ಲಿ ನಾಲ್ಕು ತಮಿಳು ಪದ! ಇವರು ಕನ್ನಡ ಕಲಿಸುವ ಟೀಚರ್ ಅಂತೆ ಎಂದುಕೊಂಡು ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ.

ನಾನು ಮಂಡ್ಯದವಳು. ಬಿ.ಎಡ್. ಮುಗಿಸಿ ಎರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ್ದೆ. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ೧೯೯೯ರ ಜೂನ್ ತಿಂಗಳಲ್ಲಿ ಚೆನ್ನೈಗೆ ಬಂದು ಬಿದ್ದಿದ್ದೆವು. ಭಾಷೆ ಬರದು, ಸೆಕೆ ತಡೆಯದು, ಮಾಡಲು ಕೆಲಸವಿಲ್ಲ. ನುಂಗಂಬಾಕ್ಕಂನ ಹಳೆಯ ಬೀದಿಯಲ್ಲಿ ಕನ್ನಡ ಕೂಟವೊಂದಿದೆ, ಭಾನುವಾರ ಬೆಳಿಗ್ಗೆ ಸಣ್ಣ ಮಕ್ಕಳಿಗೆ ತರಗತಿ ನಡೆಯುತ್ತದೆ ಎಂದು ಕೇಳಿದಾಗ ಹೋದ ಜೀವ ಬಂದಂತಾಗಿತ್ತು. ಕೂಟದ ಕಾರ್ಯದರ್ಶಿ ಮಂಜುನಾಥ್ ತುಮಕೂರಿನವರು, ಮೋಟಾರು ಕಂಪನಿಯಲ್ಲಿ ಎಂಜಿನಿಯರು. ನನ್ನ ಬಿ.ಎಡ್. ವಿಷಯ ಕೇಳಿದ್ದೇ ತಡ, "ಸದ್ಯಕ್ಕೆ ಅವರಿಗೆ ಸಹಾಯಕ್ಕೆ ಅಂತ ಬನ್ನಿ ವಂದನಾ ಅವರೇ. ಆಮೇಲೆ ನೋಡೋಣ" ಎಂದರು. ಆ 'ಆಮೇಲೆ' ಏನೆಂದು ನನಗೆ ಅರ್ಥವಾಗಿತ್ತು. ಅರ್ಥವಾಗದವಳಂತೆ ನಕ್ಕೆ.

ಭೀಮಾಬಾಯಿಯವರಿಗೆ ಆಗ ಅರವತ್ತರ ಹತ್ತಿರ. ಮಕ್ಕಳಿಗೆಲ್ಲ ಅವರು 'ಭೀಮಾ ಮಾಮಿ'. ಅವರ ಮನೆತನ ಮದ್ರಾಸಿಗೆ ಬಂದು ನಾಲ್ಕು ತಲೆಮಾರಾಗಿತ್ತು. ಮಠ, ಆರಾಧನೆ, ಏಕಾದಶಿ ಎಲ್ಲ ಬಿಡದೆ ಉಳಿಸಿಕೊಂಡಿದ್ದರು. ಕನ್ನಡವನ್ನೂ ಉಳಿಸಿಕೊಂಡಿದ್ದರು, ಆದರೆ ಬಾಯಲ್ಲಿ ಮಾತ್ರ. ಓದಿದ್ದೆಲ್ಲ ತಮಿಳು, ಇಂಗ್ಲಿಷು. ಎಗ್ಮೋರಿನ ಮ್ಯೂಸಿಯಂನಲ್ಲಿ ಇಪ್ಪತ್ತಾರು ವರ್ಷ ಹುಳುಹುಪ್ಪಟೆಗಳ ಪೆಟ್ಟಿಗೆಗೆ ಹೆಸರಿನ ಚೀಟಿ ಬರೆದು ಅಂಟಿಸುವ ಕೆಲಸ ಮಾಡಿದ್ದರು. ನಿವೃತ್ತಿಯಾದ ಮೇಲೆ ಕನ್ನಡ ಅಕ್ಷರ ಕಲಿತು ಈ ತರಗತಿ ಶುರುಮಾಡಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ.

"ಸೂಜಿ ಚುಚ್ಚಿಟ್ಟ ಹುಳು ನೋಡಿ ನೋಡಿ ಸಾಕಾಗಿತ್ತಮ್ಮಾ. ಜೀವ ಇರೋದನ್ನ ಯಾರಿಗಾದ್ರೂ ತೋರಿಸಬೇಕು ಅನ್ನಿಸ್ತು. ಮಕ್ಕಳಿಗೆ ಬಿಟ್ಟು ಇನ್ಯಾರಿಗೆ ತೋರಿಸ್ಲಿ?" ಎಂದರು.

ತೋರಿಸಲು ಅವರಿಗೆ ಸಿಕ್ಕಿದ್ದು ಕೂಟದ ಅಂಗಳದ ಮಾವಿನ ಮರ ಮತ್ತು ಆ ಮರದ ಕೆಂಪಿರುವೆಗಳು. ನಮ್ಮ ಕಡೆ ಕೆಂಜಿಗ ಎನ್ನುತ್ತೇವೆ. ಕಚ್ಚಿದರೆ ಅರ್ಧ ಗಂಟೆ ಉರಿಯುತ್ತದೆ. ಒಳಗೆ ಕೋಣೆ, ಫ್ಯಾನು, ಕರಿಹಲಗೆ ಎಲ್ಲ ಇದ್ದರೂ ಮಾಮಿ ಎಂಟು ಮಕ್ಕಳನ್ನು ಮರದಿಂದ ನಾಲ್ಕು ಮಾರು ದೂರದಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದರು. "ಮರ ಅವುಗಳದು, ನೆರಳು ನಮ್ಮದು" ಎನ್ನುವುದು ತರಗತಿಯ ಒಂದು ಕಟ್ಟಳೆ. ಇನ್ನೊಂದು ಕಟ್ಟಳೆ ವಿಚಿತ್ರವಾಗಿತ್ತು. ತಪ್ಪು ಮಾಡಿದವರು ತಾವೇ ಕೈ ಎತ್ತಬೇಕು; ಎತ್ತಿದ ಮೇಲೆ ಯಾರೂ ನಗಬಾರದು, ಮಾಮಿಯೂ ಬೈಯಬಾರದು. ಐದಾರು ವರ್ಷದ ಮಕ್ಕಳು ಇದನ್ನೆಲ್ಲ ಪಾಲಿಸುತ್ತವೆಯೇ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಪಾಲಿಸುತ್ತಿದ್ದವು.

ಆ ಇರುವೆಗಳು ಮನೆ ಕಟ್ಟುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಂಡ್ಯದಲ್ಲಿ ಕೆಂಜಿಗ ಕಂಡರೆ ಓಡುತ್ತಿದ್ದೆವು, ನಿಂತು ನೋಡುವ ವ್ಯವಧಾನ ಯಾರಿಗಿತ್ತು? ಜುಲೈ ತಿಂಗಳ ಒಂದು ಬೆಳಿಗ್ಗೆ ಮಾಮಿ ಎಲ್ಲರನ್ನೂ ಹತ್ತಿರ ಕರೆದು, ಮುಟ್ಟದಂತೆ ನಿಲ್ಲಿಸಿ, ತಗ್ಗಿನ ಕೊಂಬೆಯೊಂದನ್ನು ತೋರಿಸಿದರು. ಎರಡು ಎಲೆಗಳ ಅಂಚಿನಲ್ಲಿ ಇರುವೆಗಳು ಸಾಲಾಗಿ ನಿಂತಿದ್ದವು. ಈ ಎಲೆಯ ಅಂಚನ್ನು ಕಾಲಲ್ಲಿ ಹಿಡಿದು, ಆ ಎಲೆಯ ಅಂಚನ್ನು ಬಾಯಲ್ಲಿ ಕಚ್ಚಿ ಎಳೆಯುತ್ತಿದ್ದವು. ನಡುವೆ ಅಂತರ ಜಾಸ್ತಿಯಿದ್ದ ಕಡೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿ ಕಟ್ಟಿದ್ದವು. ಇಡೀ ಪಾಠದ ಹೊತ್ತು ಮಕ್ಕಳು ಕಣ್ಣು ಕೀಳದೆ ನೋಡಿದರು. ಎಲೆಗಳು ಕೂದಲೆಳೆಯಷ್ಟೂ ಹತ್ತಿರ ಬಂದಂತೆ ನನಗೆ ಕಾಣಲಿಲ್ಲ.

ಮಾಮಿ ಮಕ್ಕಳಿಂದಲೂ ಅದನ್ನೇ ಮಾಡಿಸಿದರು. ಕೂಟದ ಎರಡು ಭಾರದ ಬೆಂಚುಗಳನ್ನು ದೂರದೂರ ಇಟ್ಟು, ಒಬ್ಬರ ಸೊಂಟ ಒಬ್ಬರು ಹಿಡಿದು ಎಳೆಯಿರಿ ಎಂದರು. ನಿಶಾಂತ್ ಎಂಬ ಹುಡುಗ ಎಲ್ಲರಿಗಿಂತ ದಪ್ಪ. ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿ ಬಿಟ್ಟರೆ ತಮಿಳೇ. ಅವನು ಒಂದೇ ಸಲಕ್ಕೆ ಜಗ್ಗಿದ ಹೊಡೆತಕ್ಕೆ ಸಾಲೆಲ್ಲ ಮಗುಚಿ ಬಿತ್ತು. ನಾನು ಗದರಿಸಲು ಹೋದೆ. ಮಾಮಿ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಜೋರಾಗಿ ಎಳೆಯೋನು ಬೇಡ ಕಣ್ಣಾ. ಬಿಡದೆ ಹಿಡಿದಿರೋನು ಬೇಕು" ಎಂದಷ್ಟೇ ಅವನಿಗೆ ಹೇಳಿದರು. ಎರಡನೆಯ ಸಲ ಬೆಂಚು ಕಿರ್ರೆಂದು ಸರಿಯಿತು.

ಮುಂದಿನ ವಾರ ಎಲೆಗಳು ಒಂದಕ್ಕೊಂದು ತಾಗಿದ್ದವು. ಈಗ ಕೆಲವು ಇರುವೆಗಳು ಬಾಯಲ್ಲಿ ಬಿಳಿಯ ಮರಿಹುಳುಗಳನ್ನು ಕಚ್ಚಿಕೊಂಡು, ಈ ಅಂಚಿನಿಂದ ಆ ಅಂಚಿಗೆ ಮುಟ್ಟಿಸುತ್ತಿದ್ದವು. ಮುಟ್ಟಿಸಿದಲ್ಲೆಲ್ಲ ಸಣ್ಣ ನೂಲು. "ಅದು ಅವುಗಳ ಪಾಪು. ನೂಲು ಬರೋದು ಪಾಪು ಬಾಯಿಂದ ಮಾತ್ರ" ಎಂದರು ಮಾಮಿ. "ದೊಡ್ಡವಕ್ಕೆ ಎಲೆ ಹಿಡಿಯೋಕೆ ಬರತ್ತೆ, ಹೊಲಿಯೋಕೆ ಬರಲ್ಲ. ಪಾಪು ಇಲ್ದೆ ಮನೆ ಇಲ್ಲ."

"ನಾವೂ ಪಾಪುನಾ ಮಾಮಿ?" ಎಂದು ಕೇಳಿದ್ದು ತೇಜು. ಮಂಜುನಾಥರ ಮಗಳು, ಆರು ವರ್ಷ, ಎರಡು ಜಡೆ, ಪ್ರಶ್ನೆ ಕೇಳದೆ ಇರಲಾರದ ಬಾಯಿ.

"ಮತ್ತೆ? ನಾನು ಏನು ಚುಮ್ಮಾನಾ ನಿಮ್ಮನ್ನ ಇಲ್ಲಿ ಕೂರಿಸಿರೋದು?"

ಮಾಮಿ ಇರುವೆಗಳನ್ನು ದೇವರು ಮಾಡಿರಲಿಲ್ಲ, ಅದು ನನಗೆ ಹಿಡಿಸಿತ್ತು. ಒಂದು ದಿನ ಹತ್ತಾರು ಇರುವೆಗಳು ಜೀವಂತ ಕಂಬಳಿಹುಳುವನ್ನು ನಾಲ್ಕೂ ಕಡೆಯಿಂದ ಜಗ್ಗಿ ಕೊಂಡೊಯ್ಯುತ್ತಿದ್ದಾಗ ತೇಜು ಬಿಕ್ಕಿ ಬಿಕ್ಕಿ ಅತ್ತಳು. ಬಿಡಿಸಿ ಎಂದು ಹಟ ಮಾಡಿದಳು. ಮಾಮಿ ಬಿಡಿಸಲಿಲ್ಲ. ಸಮಾಧಾನಕ್ಕೆ ಸುಳ್ಳೂ ಹೇಳಲಿಲ್ಲ.

"ನನಗೂ ಪಾವಂ ಅನ್ನಿಸತ್ತೆ ಕಣ್ಣಾ. ಆದ್ರೆ ಆ ಕೂಡೊಳಗೆ ಹಸಿದುಕೊಂಡು ಕಾದಿರೋ ಮರಿಗಳೂ ಪಾವಂ ಅಲ್ವಾ? ಅವುಗಳ ಊಟ ಅವುಗಳ ಇಷ್ಟ. ನಾವು ಚುಮ್ಮಾ ಯಾರನ್ನೂ ಕೊಲ್ಲದೆ ಇರೋದು ನಮ್ಮ ಕೈಲಿದೆ. ಅಷ್ಟು ಮಾಡೋಣ."

ತೇಜು ಕಣ್ಣೊರೆಸಿಕೊಂಡು ಒಪ್ಪಿದಳು. ನನಗೆ ಆ ಮಾತಿನಲ್ಲಿ ಕೇಳಿಸಿದ್ದು ಒಂದೇ ಪದ. ಕೂಡು. ಗೂಡು ಅಲ್ಲ, ಕೂಡು. ಏಳೆಂಟು ವಾರದಿಂದ ಕೇಳುತ್ತಲೇ ಇದ್ದೆ, ಬಾಯಿತಪ್ಪು ಎಂದುಕೊಂಡಿದ್ದೆ. ಅಂದು ಮಾಮಿ ಒಳಗೆ ಹೋದಾಗ ಅವರ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ಬಸ್ಸಿನ ಬೋರ್ಡು ಓದಲೆಂದು ಅಷ್ಟರಲ್ಲಿ ತಮಿಳು ಅಕ್ಷರ ಕಲಿತಿದ್ದೆ. ಅದರ ತುಂಬ ಕನ್ನಡದ ಮಾತನ್ನೇ ತಮಿಳು ಅಕ್ಷರದಲ್ಲಿ ಬರೆದಿದ್ದರು. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ; ಪದದ ಮೊದಲಿಗೆ ಬಂದರೆ ಅದು ಕ. ತಮಿಳರು ಗೂಡಿಗೆ ಕೂಡು ಎಂದೇ ಹೇಳುತ್ತಾರೆ. ನಾಲ್ಕು ತಲೆಮಾರಿನಲ್ಲಿ ಅವರ ಮನೆಯ ಕನ್ನಡದಿಂದ ಗೂಡು ಯಾವಾಗ ಹಾರಿಹೋಯಿತೋ ಯಾರಿಗೆ ಗೊತ್ತು!

ಆಗಸ್ಟ್ ಕೊನೆಯಲ್ಲಿ ಆಗಬಾರದ್ದು ಆಯಿತು. ಯಾರೂ ನೋಡದ ಹೊತ್ತಿನಲ್ಲಿ ಯಾರೋ ಒಂದು ಕೋಲಿನಿಂದ ಗೂಡನ್ನು ತಿವಿದಿದ್ದರು. ಅದರ ಕೆಳಗೆ ಬಿದ್ದಿದ್ದ ಚಪ್ಪಲಿ ತೆಗೆದುಕೊಳ್ಳಲು ಹೋದ ತೇಜುವಿನ ಕತ್ತು, ಕೈ, ಕಿವಿ ಎಲ್ಲ ಇರುವೆಮಯ. ಮಾಮಿ ಬರಿಗೈಯಲ್ಲೇ ಒಂದೊಂದನ್ನೂ ಕಿತ್ತರು, ತಮ್ಮ ಎಲೆಯಡಿಕೆ ಡಬ್ಬಿಯ ಸುಣ್ಣವನ್ನೆಲ್ಲ ಹಚ್ಚಿದರು. ಸಂಜೆಗೆ ಮಂಜುನಾಥ್ ಇರುವೆ ಪುಡಿಯ ದೊಡ್ಡ ಪೊಟ್ಟಣ ಹಿಡಿದು ಬಂದರು. ಮಾಮಿಗೆ ಹೇಗೋ ಸುದ್ದಿ ಮುಟ್ಟಿ, ಅವರಿಗಿಂತ ಮೊದಲೇ ಬಂದು ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತಿದ್ದರು.

"ಪುಡಿ ಹಾಕೋದಾದ್ರೆ ಮೊದಲು ನನ್ನ ತಲೆ ಮೇಲೆ ಹಾಕಿ ಮಂಜುನಾಥ್. ಮರ ಅವುಗಳದು ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೀನಿ."

"ನನ್ನ ಮಗಳ ಕಿವಿ ಬೋಂಡಾ ಆಗಿದೆ ಕಣ್ರೀ! ನೀವು ಕಲಿಸ್ತಿರೋದು ಕನ್ನಡಾನೋ ಇರುವೇನೋ?"

"ಎರಡೂನೂ" ಎಂದರು ಮಾಮಿ. ಇರುವೆಯೊಂದು ಅವರ ಮೊಣಕೈ ಮೇಲೆ ಹತ್ತುತ್ತಿತ್ತು. ಅವರು ಅಲುಗಲಿಲ್ಲ.

ಮಂಜುನಾಥ್ ಕೆಟ್ಟವರಲ್ಲ. ಮುದುಕಿಯೊಬ್ಬರನ್ನು ಕುರ್ಚಿಯಿಂದ ಎಬ್ಬಿಸುವಷ್ಟು ಒರಟರೂ ಅಲ್ಲ. ಪೊಟ್ಟಣವನ್ನು ಬಗಲಲ್ಲಿ ಇಟ್ಟುಕೊಂಡು ನನ್ನ ಎದುರಿಗೇ ಒಂದು ಷರತ್ತು ಹಾಕಿದರು. ನವೆಂಬರಿನ ರಾಜ್ಯೋತ್ಸವದಲ್ಲಿ ಮಕ್ಕಳು ವೇದಿಕೆ ಮೇಲೆ ತಪ್ಪಿಲ್ಲದ ಕನ್ನಡ ಮಾತಾಡಬೇಕು. ಮಾತಾಡಿದರೆ ಇರುವೆ, ಮರ, ತರಗತಿ ಎಲ್ಲ ಭೀಮಾಬಾಯಿಯವರದ್ದೇ. ಇಲ್ಲದಿದ್ದರೆ ತರಗತಿ ವಂದನಾಗೆ. "ಶರಿ" ಎಂದರು ಮಾಮಿ. ನಾನು ನೆಲ ನೋಡುತ್ತ ನಿಂತಿದ್ದೆ.

ಕೋಲಿನಲ್ಲಿ ತಿವಿದದ್ದು ಯಾರೆಂದು ಮಾಮಿ ಕೇಳಲೇ ಇಲ್ಲ. ಎರಡು ಭಾನುವಾರ ಕಳೆದ ಮೇಲೆ, ಅಕ್ಷರ ಬರೆಸುತ್ತಿದ್ದಾಗ ನಿಶಾಂತ್ ಮೆಲ್ಲಗೆ ಕೈ ಎತ್ತಿದ. ಮುಖ ಕೆಂಪಾಗಿತ್ತು. ಯಾರೂ ನಗಲಿಲ್ಲ. ತೇಜು ಕೂಡ ಕಿವಿ ಮುಟ್ಟಿಕೊಂಡಳು, ಅಷ್ಟೇ. ಮಾಮಿ ಅವನಿಗೆ ಸೀಮೆಸುಣ್ಣ ಕೊಟ್ಟು, ಪ್ರತಿ ವಾರ ಮರದ ಸುತ್ತ ಗೆರೆ ಎಳೆಯುವುದು, ಗೆರೆ ದಾಟದಂತೆ ಸಣ್ಣವರನ್ನು ನೋಡಿಕೊಳ್ಳುವುದು ನಿನ್ನ ಕೆಲಸ ಎಂದರು.

ಸೆಪ್ಟೆಂಬರಿನಲ್ಲಿ ಮಕ್ಕಳ ಕಾಪಿ ಪುಸ್ತಕ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ತೇಜುವಿನ ಪುಸ್ತಕದಲ್ಲಿ ಹನ್ನೊಂದು ಕಡೆ 'ಕೂಡು' ಎಂದಿತ್ತು. ಮುದ್ದಾದ ಅಕ್ಷರ. ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಒಂದು ಸಲ 'ಮಾಮಿ, ಇದು ಗೂಡು' ಎಂದಿದ್ದರೆ ಸಾಕಿತ್ತು. ಅವರು ಸಿಟ್ಟಾಗುವವರಲ್ಲ, ಅಂದೇ ತಿದ್ದಿಕೊಳ್ಳುತ್ತಿದ್ದರು. ಆದರೆ ನನಗೆ ಆ ತರಗತಿ ಬೇಕಿತ್ತು. ಆ ಊರಿನಲ್ಲಿ ನನ್ನದು ಎನ್ನುವುದು ಒಂದಾದರೂ ಬೇಕಿತ್ತು. ಪೆನ್ನಿನ ಮುಚ್ಚಳ ಹಾಕಿದೆ. ಇಷ್ಟು ವರ್ಷವಾದರೂ ಆ ಮುಚ್ಚಳ ಹಾಕಿದ ಟಕ್ ಸದ್ದು ನೆನಪಾದರೆ ನಾಚಿಕೆಯಾಗುತ್ತದೆ.

ರಾಜ್ಯೋತ್ಸವ ನವೆಂಬರಿನ ಎರಡನೆಯ ಭಾನುವಾರ, ಎಗ್ಮೋರಿನ ಒಂದು ಬಾಡಿಗೆ ಸಭಾಂಗಣದಲ್ಲಿ. ಹೊರಗೆ ಮಳೆ ಹೊಯ್ಯುತ್ತಿದ್ದರೂ ಜನ ತುಂಬಿದ್ದರು. ಬೆಂಗಳೂರಿನಿಂದ ಬಂದ ನಿವೃತ್ತ ಪ್ರಾಧ್ಯಾಪಕರೊಬ್ಬರು ಮುಖ್ಯ ಅತಿಥಿ. ಮಾಮಿ ರೇಷ್ಮೆ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ, ಗಂಡ ಪಂಢರಿನಾಥರ ಪಕ್ಕದಲ್ಲಿ ಕೂತಿದ್ದರು. ಮಕ್ಕಳನ್ನು ವೇದಿಕೆಗೆ ಹತ್ತಿಸುವ ಕೆಲಸ ನನ್ನದು. ತೇಜುವಿನ ಜಡೆಗೆ ಹಳದಿ ಕೆಂಪು ರಿಬ್ಬನ್ನು ನಾನೇ ಕಟ್ಟಿದ್ದೆ.

ಏಳು ಮಕ್ಕಳ ಮಾತು ಚೆನ್ನಾಗಿಯೇ ಆಯಿತು. ಕೊನೆಗೆ ತೇಜು ಮೈಕಿನ ಮುಂದೆ ನಿಂತು, "ಇರುವೆಗಳು ಕೂಡಿ ಕೂಡು ಕಟ್ಟುತ್ತವೆ" ಎಂದಳು. ಮುಂದಿನ ಸಾಲಿನಲ್ಲಿ ಕಿಸಕ್ಕೆಂದು ಸದ್ದಾಯಿತು. ಅತಿಥಿಗಳು ತಮ್ಮ ಮೈಕು ಹತ್ತಿರ ಎಳೆದುಕೊಂಡು, "ಏನು ಪುಟ್ಟಿ, ಕೂಡೋ ಗೂಡೋ? ಸರಿಯಾಗಿ ಹೇಳಮ್ಮ" ಎಂದರು. ಕೇಳಿಸಲಿಲ್ಲವೇನೋ ಎಂದುಕೊಂಡು ಮಗು ಇನ್ನೂ ಗಟ್ಟಿಯಾಗಿ, "ಕೂಡು!" ಎಂದಿತು. ಇಡೀ ಸಭೆ ಗೊಳ್ಳೆಂದಿತು. ಪಕ್ಕದಲ್ಲಿ ನಿಂತಿದ್ದ ಮಂಜುನಾಥ್ ಹಲ್ಲು ಕಚ್ಚಿ, "ಗೂಡು ಅನ್ನೇ!" ಎಂದರು.

ತೇಜು ಮೂರನೆಯ ಸಾಲಿನ ಕಡೆ ನೋಡಿದಳು. ತಾನು ಎಲ್ಲಿ ತಪ್ಪಿದೆ ಎಂದು ಆ ಕ್ಷಣ ಅವಳಿಗೆ ತಿಳಿದಿರಬೇಕು. ಮಾಮಿಯೇ ಹೇಳಿಕೊಟ್ಟದ್ದು ಎಂದು ಒಂದು ಮಾತು ಅಂದಿದ್ದರೆ ಅವಳು ಪಾರಾಗುತ್ತಿದ್ದಳು. ಅನ್ನಲಿಲ್ಲ. ಬಾಯಿ ಬಿಗಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೇ ಇದ್ದಳು. ನಾನು ಪರದೆಯ ಪಕ್ಕದಲ್ಲಿದ್ದೆ. ಮೂರು ಹೆಜ್ಜೆ ಇಟ್ಟರೆ ವೇದಿಕೆ. ಇಡಲಿಲ್ಲ.

ಮೂರನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಆ ಕೈಯನ್ನು ಇಳಿಸದೆಯೇ ಮಾಮಿ ಮೆಟ್ಟಿಲು ಹತ್ತಿ ಬಂದರು. ತೇಜುವಿನ ಹಿಂದೆ ನಿಂತು, ಬಗ್ಗಿ, ಮಗುವಿನ ಎತ್ತರಕ್ಕಿದ್ದ ಮೈಕಿನಲ್ಲೇ ಮಾತಾಡಿದರು.

"ತಪ್ಪು ಮಗೂದಲ್ಲ, ನಂದು. ನಾನು ಹುಟ್ಟಿದಾಗಿಂದ ಹೀಗೇ ಹೇಳ್ತಾ ಇದ್ದೀನಿ. ನಮ್ಮಮ್ಮನೂ ಹೀಗೇ ಹೇಳ್ತಿದ್ರು. ಈ ಊರಲ್ಲಿ ಇದ್ದೂ ಇದ್ದೂ ನಮ್ಮ ಬಾಯಲ್ಲಿ ಗ ತೇಯ್ದು ಹೋಗಿದೆ. ನನ್ನ ಬಾಯಲ್ಲಿರೋದನ್ನೇ ಇವಳ ಬಾಯಿಗೆ ಹಾಕಿದ್ದೀನಿ. ನಗೋದಾದ್ರೆ ನನ್ನ ನೋಡಿ ನಗಿ."

ಕೆಲವರು ನಿಜವಾಗಿಯೂ ನಕ್ಕರು. ಆಗ ಮಕ್ಕಳ ಸಾಲಿನಿಂದ ನಿಶಾಂತ್ ಮುಂದೆ ಬಂದು ಗಂಟಲು ಹರಿಯುವಂತೆ ಕೂಗಿದ: "ಸಿರಿಕ್ಕ ಕೂಡಾದು!" ನಗಬಾರದು ಎಂದು. ಕೈ ಎತ್ತಿದವರನ್ನು ನೋಡಿ ನಗಬಾರದು. ಕನ್ನಡ ರಾಜ್ಯೋತ್ಸವದ ವೇದಿಕೆಯಲ್ಲಿ ಶುದ್ಧ ತಮಿಳು, ಅದರಲ್ಲೂ ಒಂದು ಕೂಡು! ಈ ಸಲ ಯಾರೂ ನಗಲಿಲ್ಲ. ಅತಿಥಿಗಳು ಎದ್ದು ಮಾಮಿಗೆ ಕೈ ಮುಗಿದರು.

ಆದರೂ ಷರತ್ತು ಷರತ್ತೇ. ಕಾಫಿ ಕುಡಿಯುತ್ತ ನಿಂತಿದ್ದಾಗ ಮಂಜುನಾಥ್ ಸಂಕೋಚದಿಂದಲೇ ವಿಷಯ ಎತ್ತಿದರು. "ನೀವೇನೂ ಅಂದ್ಕೋಬೇಡಿ ಮಾಮಿ. ಮಕ್ಕಳು ಸರಿಯಾದ ಕನ್ನಡ ಕಲೀಬೇಕಲ್ವಾ" ಎಂದರು. "ಬೇಕೇ ಬೇಕು" ಎಂದರು ಮಾಮಿ. ತರಗತಿ ನನಗಾಯಿತು. ನಾನು ಬೇಡ ಎನ್ನಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಸಿಹಿ ಮಾಡು ಎಂದರು. ಹೊಟ್ಟೆನೋವು ಎಂದು ಮಲಗಿದೆ.

ಮುಂದೆ ೨೦೦೬ರಲ್ಲಿ ನಾವು ಆ ಊರು ಬಿಡುವವರೆಗೆ ಏಳು ವರ್ಷ ನಾನು ಅಲ್ಲಿ ಪಾಠ ಮಾಡಿದೆ. ಪುಡಿಯ ಪೊಟ್ಟಣವನ್ನು ಯಾರೂ ತೆಗೆಯಲು ನಾನು ಬಿಡಲಿಲ್ಲ, ಅದು ಕೂಟದ ಬೀರುವಿನಲ್ಲೇ ಗಟ್ಟಿಯಾಗಿ ಹೋಯಿತು. ಅದಕ್ಕೆಲ್ಲ ಕಾರಣವಾದದ್ದು ರಾಜ್ಯೋತ್ಸವದ ಮರುವಾರದ ಬೆಳಗು.

ಅಂದು ನಾನು ಹೋಗುವಷ್ಟರಲ್ಲಿ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಮರದ ಸುತ್ತ ನಿಶಾಂತನ ಗೆರೆ ಆಗಲೇ ಬಿದ್ದಿತ್ತು. ಚಾಪೆಯ ಕೊನೆಯಲ್ಲಿ, ತೇಜುವಿನ ಪಕ್ಕದಲ್ಲಿ, ತೊಡೆಯ ಮೇಲೆ ಒಂದು ಸ್ಲೇಟು ಇಟ್ಟುಕೊಂಡು ಭೀಮಾ ಮಾಮಿ ಕೂತಿದ್ದರು.

"ನೀವು ಯಾಕೆ..." ಎಂದೆ.

"ಕಲಿಯೋಕೆ ಬಂದಿದ್ದೀನಮ್ಮಾ. ಒಂಬತ್ತನೇ ಪಿಳ್ಳೆ ಅಂತ ಸೇರಿಸ್ಕೋ. ನನಗೆ ಗ ಬೇಕು."

ನಾನು ಪಾಠ ಶುರುಮಾಡಿದೆ. ಗಂಟಲ ಮೇಲೆ ಬೆರಳಿಟ್ಟುಕೊಳ್ಳಿ, ಗ ಎನ್ನುವಾಗ ಬೆರಳಿಗೆ ಗುರ್ ಎನ್ನಿಸಬೇಕು ಎಂದೆ. ಒಂಬತ್ತು ಜನ ಬೆರಳಿಟ್ಟುಕೊಂಡರು. ಮಾಮಿ 'ಕೂಡು' ಎಂದರು. ಮತ್ತೆ 'ಕೂಡು' ಎಂದರು. ಯಾರೂ ನಗಲಿಲ್ಲ. ತೇಜು ತನ್ನ ಪುಟ್ಟ ಬೆರಳುಗಳನ್ನು ಮಾಮಿಯ ಗಂಟಲ ಮೇಲೆ ಇಟ್ಟು, "ಇಲ್ಲಿಂದ ಮಾಮಿ, ಇಲ್ಲಿಂದ ಬರ್ಬೇಕು" ಎಂದಳು. ಆರನೆಯ ಸಲವೋ ಏಳನೆಯ ಸಲವೋ ಗೊರಗೊರ ಎನ್ನುತ್ತ ಹೊರಬಿತ್ತು: "ಗೂಡು."

ಮಕ್ಕಳು ಚಪ್ಪಾಳೆ ತಟ್ಟಿದರು. ಮಾಮಿಯ ಮುಖ ಅರಳಿತು. ನನಗೆ ತಡೆಯಲಾಗಲಿಲ್ಲ. ಟೀಚರ್ ಜಾಗದಲ್ಲಿ ನಿಂತವಳು ಕೈ ಎತ್ತಿದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಮಿ ನನ್ನನ್ನೇ ನೋಡುತ್ತಿದ್ದರು.

"ನನಗೆ ಮೊದಲೇ ಗೊತ್ತಿತ್ತು" ಎಂದೆ. "ತೇಜು ಪುಸ್ತಕದಲ್ಲೂ ನೋಡಿದ್ದೆ. ಬೇಕು ಅಂತಲೇ ಹೇಳಲಿಲ್ಲ."

"ಯಾವಾಗಿಂದ?"

"ಆಗಸ್ಟಿಂದ."

ಮಾಮಿ ಸ್ಲೇಟನ್ನು ತೊಡೆಯ ಮೇಲೆ ಮಗುಚಿಟ್ಟರು. ಅವರಿಗೆ ನೋವಾಯಿತು, ಅದು ಮುಖದಲ್ಲಿ ಕಂಡಿತು. ಕಟ್ಟಳೆ ಮಾಡಿದವರು ಅವರೇ, ಬೈಯುವಂತಿರಲಿಲ್ಲ. ತೇಜು ನನ್ನನ್ನು ನೋಡಿದಳು, ಮಾಮಿಯನ್ನು ನೋಡಿದಳು. ಆಮೇಲೆ ಲಂಗ ಮುದುರಿಕೊಂಡು ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಒಂದಿಷ್ಟು ಜಾಗ ಮಾಡಿದಳು.

"ಶರಿ, ಬಾ. ಕೂತ್ಕೋ" ಎಂದರು ಮಾಮಿ. "ಹೇಳೋಕೆ ಬಂತು, ಬರೆಯೋವಾಗ ಕೈ ಇನ್ನೂ ಕ ಕಡೆಗೇ ಹೋಗತ್ತೆ. ಈ ಸ್ಲೇಟು ಒಂದು ಕಡೆ ನಿಲ್ತಾನೇ ಇಲ್ಲ ನೋಡು."

ನಾನು ಹೋಗಿ ಕೂತೆ. ತೇಜು ಮಾಮಿಯ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಬಳಪ ಒತ್ತಿ ಗ ಬರೆಸತೊಡಗಿದಳು. ಸ್ಲೇಟಿನ ಆ ಅಂಚನ್ನು ಮಾಮಿ ಹಿಡಿದಿದ್ದರು. ಈ ಅಂಚನ್ನು ನಾನು ಹಿಡಿದುಕೊಂಡೆ.